ಮಲಗಿದರೆ ಕೆಂಪು, ಎದ್ದರೆ ಹಸಿರು

ಲೋಕದ ಜನ ಎದ್ದು ಕೆಲಸಕ್ಕೆ ಹೋಗುತ್ತಾರೆ. ಬೆನ್ನಣ್ಣ ಕೆಲಸಕ್ಕೆ ಹೋಗಿ ಮಲಗುತ್ತಿದ್ದ. ಅದಕ್ಕೇ ಅವನಿಗೆ ಸಂಬಳ.

ಹಾಸಿಗೆ ಕಾರ್ಖಾನೆಯಲ್ಲಿ ಅವನು ಪರೀಕ್ಷಕ. ಹೊಸ ನಮೂನೆಯ ಹಾಸಿಗೆ ಹೊಲಿಗೆ ಮುಗಿಸಿ ಬಂದರೆ ಅದರ ಮೇಲೆ ಮೊದಲು ಬೀಳುವುದು ಗಿರಾಕಿಯ ಕಣ್ಣಲ್ಲ, ಬೆನ್ನಣ್ಣನ ಬೆನ್ನು. ಬೂಟು ಕಳಚಿ, ಬೆಲ್ಟು ಬಿಚ್ಚಿ, ಜೇಬಿನ ಬೀಗದ ಕೈಗಳನ್ನು ಕಿಟಕಿಯ ಮೇಲಿಟ್ಟು ಮೊದಲು ಅಂಗಾತ ಮಲಗುತ್ತಿದ್ದ. ಆಮೇಲೆ ಎಡಮಗ್ಗುಲು, ಆಮೇಲೆ ಬಲಮಗ್ಗುಲು, ಕೊನೆಗೆ ಬೋರಲು. ಪ್ರತಿ ಭಂಗಿಯಲ್ಲೂ ಅಲ್ಲಾಡದೆ ಸಾಕಷ್ಟು ಹೊತ್ತು ಇರಬೇಕು. ಹಾಸಿಗೆಯೂ ಮನುಷ್ಯರ ಹಾಗೆಯೇ. ಮೊದಲ ಪರಿಚಯದಲ್ಲಿ ಎಲ್ಲ ಮೆತ್ತಗೇ ಇರುತ್ತದೆ, ಸ್ಪ್ರಿಂಗು ಚುಚ್ಚುವುದು ಸಲಿಗೆ ಬೆಳೆದ ಮೇಲೆ. ಭುಜ ಎಷ್ಟು ಇಳಿಯಿತು, ಸೊಂಟ ಎಲ್ಲಿ ನಿಂತಿತು, ಬೆನ್ನಿನ ಕುಳಿಗೆ ಆಸರೆ ಸಿಕ್ಕಿತೇ, ಮೈ ಬೆವರಿತೇ, ಇದೆಲ್ಲ ಸುಮ್ಮನೆ ಬಿದ್ದುಕೊಂಡವನಿಗೆ ಮಾತ್ರ ತಿಳಿಯುವ ಸಂಗತಿ. ನಿದ್ದೆ ಮಾಡುವಂತಿಲ್ಲ, ಪೂರಾ ಎಚ್ಚರವಾಗಿಯೂ ಇರುವಂತಿಲ್ಲ. ಎರಡರ ಗಡಿಯ ಮೇಲೆ ಉದ್ದಕ್ಕೆ ಮಲಗಿರಬೇಕು. ಆ ವಿದ್ಯೆ ಬೆನ್ನಣ್ಣನಿಗೆ ಮೈಗೂಡಿತ್ತು. ಅವನ ಬೆನ್ನ ಹಿಂದೆ ಮಾತಾಡುವವರು ಕೂಡ ಅವನ ಬೆನ್ನನ್ನು ಹೊಗಳಿಯೇ ಮಾತಾಡುತ್ತಿದ್ದರು.

ಹಾಸಿಗೆಯ ಅಡಿಯಲ್ಲಿ ವೈರು ಹೊಲಿದ ಒಂದು ತೆಳು ಹಾಳೆ ಇತ್ತು. ಎಲ್ಲಿ ಎಷ್ಟು ಭಾರ ಬಿತ್ತು, ಮಲಗಿದವನು ಎಷ್ಟು ಸಲ ಎದ್ದ ಅನ್ನುವುದನ್ನು ಅದು ತಾನಾಗಿ ಎಣಿಸಿ ಪಕ್ಕದ ಕಟ್ಟಡಕ್ಕೆ ಚಾಡಿ ಹೇಳುತ್ತಿತ್ತು. ಅಲ್ಲಿ ಕೂತವರು ಹಾಸಿಗೆಗಳ ವಿನ್ಯಾಸ ಮಾಡುವ ಸ್ಪ್ರಿಂಗ್ ಮೇಡಂ. ಬೆನ್ನಣ್ಣ ತನ್ನ ಕಂಪ್ಯೂಟರಿನಲ್ಲಿ ತುಂಬಬೇಕಾದದ್ದು ಎರಡೇ ಚೌಕ: ‘ಆರಾಮ’ ಅಥವಾ ‘ಆರಾಮವಿಲ್ಲ’. ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ನಿಜವಾದ ವರದಿ ಬಾಯಲ್ಲಿ ಆಗುತ್ತಿತ್ತು. ದಿನಕ್ಕೊಮ್ಮೆ ಸ್ಪ್ರಿಂಗ್ ಮೇಡಂ ಪರೀಕ್ಷಾ ಕೋಣೆಗೆ ಬಂದು, ಹಾಸಿಗೆಯ ಅಂಚಿನ ಮೇಲೆ ಕೂತು, ಚಹಾ ಹೀರುತ್ತಾ ಕೇಳುತ್ತಿದ್ದರು.

‘ಹೇಗಿದೆ ಅಣ್ಣಾ?’

‘ಸೊಂಟದ ಹತ್ರ ಇದಕ್ಕೆ ಸ್ವಲ್ಪ ಅಹಂಕಾರ ಮೇಡಂ. ಬಗ್ಗಲ್ಲ ಅನ್ನುತ್ತೆ.’

‘ಇಳಿಸೋಣ ಬಿಡಿ.’

ಹೀಗೆ ಒಂದು ಲೋಟ ಚಹಾದಲ್ಲಿ ಹಾಸಿಗೆ ಸರಿಹೋಗುತ್ತಿತ್ತು.

ಬೆನ್ನಣ್ಣನ ಹೆಂಡತಿ ಬಸ್ ಕಂಡಕ್ಟರ್. ಅವಳು ನಿಂತು ದುಡಿಯುವವಳು, ಇವನು ಮಲಗಿ ದುಡಿಯುವವನು. ಇಬ್ಬರೂ ಕೂರುವುದು ಊಟಕ್ಕೆ ಮಾತ್ರ. ಜೊತೆಗಿದ್ದ ಅತ್ತೆಗೆ ಅಳಿಯನ ಉದ್ಯೋಗ ಕೊಟ್ಟಷ್ಟು ಮಜಾವನ್ನು ಟೀವಿಯೂ ಕೊಟ್ಟಿರಲಿಲ್ಲ.

‘ಅಳಿಯಂದ್ರು ತುಂಬಾ ದಣಿದಿದಾರೆ ಕಣೇ. ಬೆಳಗಿಂದ ಮಲಗೀ ಮಲಗೀ ಸಾಕಾಗಿರುತ್ತೆ. ಸ್ವಲ್ಪ ಹೊತ್ತು ಓಡಾಡಿ ಸುಧಾರಿಸ್ಕೊಳ್ಳಲಿ.’

‘ಅತ್ತೆ, ನಿಮಗೆ ಸೊಂಟ ನೋವಿಲ್ದೆ ನಿದ್ದೆ ಬರ್ತಿದೆಯಲ್ಲ, ಅದು ಯಾರ ಪುಣ್ಯ ಅನ್ಕೊಂಡ್ರಿ?’

‘ನನ್ನ ಮಗಳ ಪುಣ್ಯ. ಅವಳಿಲ್ದಿದ್ರೆ ನೀವು ನನಗೆಲ್ಲಿ ಸಿಗ್ತಿದ್ರಿ?’

ಇಂಥ ಸುಖದ ದಿನಗಳಲ್ಲಿ ಕಾರ್ಖಾನೆಗೆ ಹೊಸ ಆಡಳಿತಾಧಿಕಾರಿ ಬಂದರು. ಕಾರ್ಖಾನೆಯ ಒಡತಿ ಎಲ್ಲರ ಬಾಯಲ್ಲೂ ದೊಡ್ಡಮ್ಮ. ಅವರು ವಯಸ್ಸಾಯಿತೆಂದು ದಿನದ ವ್ಯವಹಾರವನ್ನೆಲ್ಲ ಈ ಅಧಿಕಾರಿಗೆ ಒಪ್ಪಿಸಿ ಮನೆಯಲ್ಲಿ ಉಳಿದಿದ್ದರು. ಅಧಿಕಾರಿ ಮೊದಲ ದಿನವೇ ಗೇಟಿನ ಹಾಜರಿ ನೋಡಿ ಮುಖ ಹುಳ್ಳಗೆ ಮಾಡಿದರು.

‘ಇದ್ರಲ್ಲಿ ಒಳಗೆ ಬಂದೋರ ಲೆಕ್ಕ ಇದೆ. ಕೆಲಸ ಮಾಡಿದೋರ ಲೆಕ್ಕ ಎಲ್ಲಿದೆ?’

ಆ ಲೆಕ್ಕಕ್ಕಾಗಿ ಪ್ರತಿ ಕಂಪ್ಯೂಟರಿನ ಹೊಟ್ಟೆಯೊಳಗೂ ಒಂದು ತಂತ್ರಾಂಶ ಇಳಿಸಿದರು. ಅದರ ಹೆಸರು ‘ಚುರುಕು’. ಕೀಲಿಮಣೆ ಒತ್ತಿದರೆ, ಮೌಸ್ ಅಲ್ಲಾಡಿಸಿದರೆ ಅದು ಬರೆದಿಟ್ಟುಕೊಳ್ಳುತ್ತಿತ್ತು. ಬೆರಳು ಆಡಿದಷ್ಟು ಹೊತ್ತು ಮಾತ್ರ ಕೆಲಸದ ಹೊತ್ತು, ಮಿಕ್ಕಿದ್ದು ಸೋಮಾರಿತನ. ಒಂದು ಲೋಟ ಚಹಾ ಆರುವಷ್ಟು ಹೊತ್ತು ಬೆರಳಾಡದಿದ್ದರೆ ಪರದೆ ಹಳದಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ಬಾಲ ತುಳಿದ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ದನಿ ಅಡಗಿಸಲು ಗುಟ್ಟಿನ ಪದ ಬೇಕು. ಅದು ಅಧಿಕಾರಿಯೊಬ್ಬರಿಗೇ ಗೊತ್ತು, ಅವರ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ವೈರು ಕಿತ್ತರೆ ಇನ್ನೂ ಜೋರಾಗಿ ಕಿರುಚುತ್ತದೆ. ಅಧಿಕಾರಿ ಅದನ್ನು ಅಷ್ಟು ಪ್ರೀತಿಯಿಂದ ಮಾಡಿಸಿದ್ದರು. ಅವರಿಗೆ ಚುರುಕು ಸಾಹೇಬರು ಅಂತ ಹೆಸರು ಬೀಳಲು ಎರಡು ದಿನವೂ ಹಿಡಿಯಲಿಲ್ಲ.

ಹಜಾರದ ಗೋಡೆಗೆ ಒಂದು ದೊಡ್ಡ ಬೋರ್ಡು ಬಂತು. ಎಲ್ಲರ ಹೆಸರು, ಪಕ್ಕದಲ್ಲಿ ದೀಪ. ಮಾದರಿಗೆಂದು ಎಲ್ಲರಿಗಿಂತ ಮೇಲೆ ಸಾಹೇಬರದೇ ಹೆಸರು, ಸದಾ ಹಸಿರು.

ಕಾರ್ಖಾನೆಯ ಬಣ್ಣವೇ ಬದಲಾಯಿತು. ಮನಸ್ಸಿನಲ್ಲೇ ಕೂಡಿ ಕಳೆದು ಮುಗಿಸುತ್ತಿದ್ದ ಲೆಕ್ಕಪತ್ರದ ಗುಮಾಸ್ತ ಈಗ ಯೋಚಿಸುವಾಗೆಲ್ಲ ಒಂದು ಬೆರಳಿನಲ್ಲಿ ‘ಅಅಅಅ’ ಎಂದು ಒತ್ತುತ್ತಾ ಕೂರುತ್ತಿದ್ದ. ಅವನ ಲೆಕ್ಕ ಯಾವಾಗಲೂ ಹಸಿರು, ಉತ್ತರ ಯಾವಾಗಲೂ ತಪ್ಪು. ಫೋನಿನಲ್ಲಿ ಗಿರಾಕಿಗಳ ದೂರು ಕೇಳುತ್ತಿದ್ದವಳು ಕೇಳುವುದನ್ನು ನಿಲ್ಲಿಸಿ ಬರೆಯುವುದಕ್ಕೆ ಶುರುಮಾಡಿದಳು. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ದೂರು ಟೈಪಾಗಿರುತ್ತಿತ್ತು. ಎಲ್ಲರೂ ಚುರುಕಾದರು, ಕೆಲಸ ಮಾತ್ರ ನಿಂತಲ್ಲೇ ನಿಂತಿತು.

‘ನನಗೆ ಕಂಪ್ಯೂಟರ್ ಇಲ್ಲ, ಬೋರ್ಡಲ್ಲಿ ಹೆಸರೂ ಇಲ್ಲ,’ ಅಂದಳು ಗಾಡಿ ತಳ್ಳಿಕೊಂಡು ಬರುವ ಚಹಾದ ಅಕ್ಕ. ‘ಅಂದ್ರೆ ನೀವೆಲ್ಲ ಇಷ್ಟು ದಿನ ಕುಡಿದಿದ್ದು ತಾನಾಗೇ ಕುದ್ದಿದ್ದು.’

ಬೋರ್ಡಿನ ತಳದಲ್ಲಿ, ಎಲ್ಲರಿಗಿಂತ ಕೆಳಗೆ, ಕೆಂಡದ ಹಾಗೆ ಕೆಂಪಗೆ ಉರಿಯುತ್ತಿದ್ದುದು ಬೆನ್ನಣ್ಣನ ಹೆಸರು. ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕುವಷ್ಟು ಹೊತ್ತು ಬಿಟ್ಟರೆ ಇಡೀ ವಾರ ಅವನು ಕೆಲಸವನ್ನೇ ಮಾಡಿರಲಿಲ್ಲ. ಸಾಹೇಬರು ಅವನನ್ನು ಕರೆಸಿಕೊಂಡರು.

‘ನೀವು ಇಡೀ ದಿನ ಏನ್ ಮಾಡ್ತೀರಿ?’

‘ಮಲಗಿರ್ತೀನಿ ಸಾರ್.’

ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ಸಾಹೇಬರು ತಮ್ಮ ನೌಕರಿಯಲ್ಲೇ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಅವರ ಬೆರಳುಗಳೂ ಆಡಲಿಲ್ಲ. ಆಮೇಲೆ ಸಾವರಿಸಿಕೊಂಡರು.

‘ನೋಡಿ, ನಿಮಗೊಬ್ಬರಿಗೆ ವಿನಾಯ್ತಿ ಕೊಟ್ರೆ ನಾಳೆ ಎಲ್ರೂ ಮಲಗ್ತಾರೆ. ತಿಂಗಳ ಕೊನೆಯೊಳಗೆ ಹಸಿರಿಗೆ ಬನ್ನಿ. ಇಲ್ಲಾಂದ್ರೆ ಪರೀಕ್ಷಾ ಕೋಣೆ ಮುಚ್ಚಿಸಿ ನಿಮ್ಮನ್ನ ಲಾರಿಗೆ ಹಾಕ್ತೀನಿ.’

ಲಾರಿಗೆ ಹಾಕುವುದೆಂದರೆ ಹಾಸಿಗೆ ಹೊತ್ತು ಲಾರಿಗೆ ತುಂಬುವ ಕೆಲಸ. ಆ ದಿನ ಊಟಕ್ಕೆ ಕೂತಾಗ ಬೆನ್ನಣ್ಣ ವಿಷಯ ಹೇಳಿದ. ಹೆಂಡತಿ ತುತ್ತು ಕೈಯಲ್ಲೇ ಹಿಡಿದಳು.

‘ರೀ, ಆ ಭಾರ ಹೊತ್ರೆ ನಿಮ್ಮ ಬೆನ್ನು ವಾರ ತಡೆಯಲ್ಲ. ಅದು ಹೋದ ಮೇಲೆ ಇನ್ನೇನಿದೆ ನಿಮ್ಮ ಹತ್ರ?’

‘ನೀನಿದೀಯಲ್ಲ.’

‘ನಾನು ಬಸ್ಸಲ್ಲಿ ಇರ್ತೀನಿ. ತಮಾಷೆ ಬಿಡಿ.’

ಅತ್ತೆ ಕೂಡ ಅಂದು ತಮಾಷೆ ಮಾಡಲಿಲ್ಲ. ಅಳಿಯನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ‘ಎದ್ದು ಮೌಸ್ ಅಲ್ಲಾಡಿಸಿ ಮತ್ತೆ ಮಲಗಿ ಬಿಡಿ. ಯಾರಪ್ಪಂದು ಏನ್ ಹೋಗುತ್ತೆ?’ ಅಂದರು.

ಬೆನ್ನಣ್ಣ ಹಾಗೇ ಮಾಡಿದ. ಬೆನ್ನು ಹಾಸಿಗೆಗೆ ಒಗ್ಗುವ ಹೊತ್ತಿಗೆ ಪರದೆ ಹಳದಿ. ಏಳು, ಓಡು, ಮೌಸ್ ಅಲ್ಲಾಡಿಸು, ಬಂದು ಬೀಳು. ಮತ್ತೆ ಒಗ್ಗುವ ಹೊತ್ತಿಗೆ ಮತ್ತೆ ಹಳದಿ. ಸಂಜೆಯಾಯಿತು. ಬದುಕಿನಲ್ಲಿ ಮೊದಲ ಸಲ ಅವನು ಮಲಗಿ ಸುಸ್ತಾಗಿದ್ದ.

ಹಾಸಿಗೆ ಚೆನ್ನಾಗಿತ್ತು. ಚೌಕದಲ್ಲಿ ‘ಆರಾಮ’ ಅಂತಲೇ ಗುರುತು ಹಾಕಿದ. ಆದರೆ ಅಡಿಯ ಹಾಳೆ ಪಕ್ಕದ ಕಟ್ಟಡಕ್ಕೆ ಬೇರೆಯೇ ಚಾಡಿ ಹೇಳಿತ್ತು: ಮಲಗಿದವನು ದಿನವಿಡೀ ಎದ್ದೂ ಎದ್ದೂ ಓಡಿದ್ದಾನೆ. ಅದನ್ನು ನೋಡಿ ಸ್ಪ್ರಿಂಗ್ ಮೇಡಂಗೆ ಗಾಬರಿ. ಎಂಥ ಹಾಸಿಗೆ ಮಾಡಿಬಿಟ್ಟೆವು, ಮನುಷ್ಯ ಬೆನ್ನೂರಲಾಗದೆ ಓಡುತ್ತಿದ್ದಾನಲ್ಲ, ಪಾಪ ಅಣ್ಣ ನನ್ನ ಮುಖ ನೋಡಿ ‘ಆರಾಮ’ ಅಂತ ಬರೆದಿದ್ದಾನೆ ಅಂದುಕೊಂಡರು. ಮೊದಲಾದರೆ ಬಂದು ಕೇಳುತ್ತಿದ್ದರು. ಈಗ ಕುರ್ಚಿ ಬಿಟ್ಟೆದ್ದರೆ ಅವರೂ ಕೆಂಪು. ಹೀಗಾಗಿ ಕೂತಲ್ಲಿಂದಲೇ ಫೋಮ್ ಹೆಚ್ಚಿಸಿದರು. ಬೆನ್ನಣ್ಣ ಅಷ್ಟೇ ಸಲ ಎದ್ದ. ಫೋಮ್ ತೆಗೆದರು. ಎದ್ದ. ಸ್ಪ್ರಿಂಗು ಬದಲಿಸಿದರು, ಬಟ್ಟೆ ಬದಲಿಸಿದರು. ಎದ್ದ. ಹಾಸಿಗೆ ಮಗ್ಗುಲು ಬದಲಿಸುತ್ತಲೇ ಹೋಯಿತು, ಮಲಗಿದವನ ಗೋಳು ಮಾತ್ರ ಬದಲಾಗಲಿಲ್ಲ.

ಸಾಹೇಬರು ಪರೀಕ್ಷಾ ಕೋಣೆಗೆ ಇಣುಕಿದಾಗ ಬೆನ್ನಣ್ಣ ಏದುಸಿರು ಬಿಡುತ್ತಿದ್ದ.

‘ಇಷ್ಟೊಂದು ಯಾಕೆ ಓಡ್ತೀರಿ? ಮೌಸನ್ನೇ ಹಾಸಿಗೆಗೆ ತಗೊಂಡು ಹೋಗಿ.’

ಉದ್ದ ವೈರು ತರಿಸಿದರು. ಬಲಗಡೆ ಸೊಂಟದ ಪಕ್ಕ ಒಂದು ಮರದ ಹಲಗೆ ಇಟ್ಟರು. ಅದರ ಮೇಲೆ ಮೌಸ್, ಮೌಸಿನ ಮೇಲೆ ಬೆನ್ನಣ್ಣನ ಬಲಗೈ. ಅಂಗಾತವಾಗಲಿ ಮಗ್ಗುಲಾಗಲಿ, ಮೊಣಕೈ ಊರಿ ಗರಗರ ಆಡಿಸುತ್ತಲೇ ಮಲಗಬೇಕು. ಬೋರ್ಡಿನಲ್ಲಿ ಅವನ ಹೆಸರು ಮೊದಲ ಸಲ ಹಸಿರಿನಲ್ಲೇ ನಿಂತಿತು. ಸಾಹೇಬರು ಅವನ ಬೆನ್ನು ತಟ್ಟಿದರು, ಮಲಗಿದ್ದರಿಂದ ತಟ್ಟಲು ಸಿಕ್ಕಿದ್ದು ಹೊಟ್ಟೆ.

ಪಕ್ಕದ ಕಟ್ಟಡದಲ್ಲಿ ಸ್ಪ್ರಿಂಗ್ ಮೇಡಂಗೆ ಸಂಭ್ರಮ. ಮಲಗಿದವನು ಏಳುವುದೇ ನಿಂತಿದೆ. ಒಂದೇ ಸಣ್ಣ ಕೊರತೆ, ಬಲಗಡೆ ಭಾರ ಜಾಸ್ತಿ ಬೀಳುತ್ತಿದೆ, ಹಾಸಿಗೆ ಆ ಕಡೆ ಕುಸಿಯುತ್ತಿದೆ. ಬಲಗಡೆ ಸ್ವಲ್ಪ ಏರಿಸಿದರು. ಇನ್ನೂ ಕುಸಿಯಿತು. ಇನ್ನಷ್ಟು ಏರಿಸಿದರು. ಕೊನೆಗೊಂದು ದಿನ ಭಾರ ಎರಡೂ ಕಡೆ ಸರಿಸಮವಾಯಿತು. ಬೆನ್ನಣ್ಣನ ಮೊಣಕೈಗೂ ಹೇಳಿ ಮಾಡಿಸಿದ ಹಾಗಿತ್ತು. ಅವನು ಮನಃಪೂರ್ವಕವಾಗಿ ‘ಆರಾಮ’ ಅಂತ ಗುರುತು ಹಾಕಿದ. ಅದಕ್ಕೆ ತಕ್ಕ ಹಾಗೆ ಹಾಸಿಗೆ ತಯಾರಾಯಿತು, ಮೌಸ್ ಹಿಡಿದು ಮಲಗುವ ಮನುಷ್ಯನಿಗೆ ಜಗತ್ತಿನಲ್ಲೇ ಅತ್ಯುತ್ತಮ ಹಾಸಿಗೆ.

ಒಪ್ಪಿಗೆಯಾದ ಹೊಸ ನಮೂನೆಯ ಮೊದಲ ಹಾಸಿಗೆ ದೊಡ್ಡಮ್ಮನ ಮನೆಗೆ ಹೋಗುವುದು ಕಾರ್ಖಾನೆಯ ಪದ್ಧತಿ. ಮಾರುವುದಕ್ಕೆ ಮುಂಚೆ ಅದರ ಮೇಲೆ ಅವರೇ ಒಮ್ಮೆ ಮಲಗಿ ಏಳುತ್ತಿದ್ದರು. ಈ ಸಲ ಮಲಗಿದರು, ಏಳಬೇಕಾಗಿ ಬರಲಿಲ್ಲ. ಹಾಸಿಗೆಯೇ ಅವರನ್ನು ಎಡಗಡೆಗೆ ಉರುಳಿಸಿ ನೆಲಕ್ಕೆ ಬಿಟ್ಟಿತು. ಮೇಲೆ ಹತ್ತಿದರು, ಮತ್ತೆ ಉರುಳಿದರು. ದಪ್ಪ ಜಮಖಾನ ಇದ್ದದ್ದರಿಂದ ಪೆಟ್ಟಾಗಲಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ಆಯಿತು.

ಬೆಳಿಗ್ಗೆ ಕೋಲು ಊರಿಕೊಂಡು ದೊಡ್ಡಮ್ಮ ನೇರ ಪರೀಕ್ಷಾ ಕೋಣೆಗೆ ಬಂದರು. ಕಣ್ಣು ಕೆಂಪಗಿತ್ತು. ಸ್ಪ್ರಿಂಗ್ ಮೇಡಂ, ಚುರುಕು ಸಾಹೇಬರು, ಬೆನ್ನಣ್ಣ ಮೂವರೂ ಗೋಡೆಗೆ ಅಂಟಿಕೊಂಡು ನಿಂತರು.

‘ನನ್ನ ಕಾರ್ಖಾನೆಯ ಹಾಸಿಗೆ ನನ್ನನ್ನೇ ಮನೆಯಿಂದ ಹೊರಗೆ ಹಾಕೋ ಹಾಗಿತ್ತು. ಇದಕ್ಕೆ ಆರಾಮ ಅಂದಿದ್ದು ಯಾರು?’

‘ನಾನು, ದೊಡ್ಡಮ್ಮ,’ ಅಂದ ಬೆನ್ನಣ್ಣ.

ಬೆನ್ನಣ್ಣನ ಹೆಸರು ಕೆಂಪಗಿದ್ದಾಗಲೇ ಬರೆಸಿಟ್ಟ ಆದೇಶ ಸಾಹೇಬರ ಜೇಬಿನಲ್ಲಿತ್ತು, ಅದಕ್ಕೆ ಬೇಕಾದ ನೆಪ ಈಗ ಸಿಕ್ಕಿತು. ಒಂದು ಹೆಜ್ಜೆ ಮುಂದೆ ಬಂದರು. ‘ಮೇಡಂ, ಈ ಮನುಷ್ಯನ ದಾಖಲೆ ನನ್ನ ಹತ್ರ ಇದೆ. ಬಂದ ದಿನದಿಂದ ನೋಡ್ತಿದೀನಿ, ಬಿದ್ದುಕೊಂಡಿರೋದು ಬಿಟ್ರೆ ಬೇರೆ ಕೆಲಸ ಮಾಡಿಲ್ಲ. ಇವರನ್ನ ಇವತ್ತೇ ಲಾರಿ ವಿಭಾಗಕ್ಕೆ ಕಳಿಸೋ ಆದೇಶ ತಯಾರಾಗಿದೆ. ನಿಮ್ಮ ಸಹಿ ಒಂದು ಬಾಕಿ.’

ದೊಡ್ಡಮ್ಮ ಬೆನ್ನಣ್ಣನ ಕಡೆ ನೋಡಿದರು. ‘ಏನಪ್ಪಾ, ಇಷ್ಟು ವರ್ಷ ಸರಿಯಾಗಿ ಹೇಳ್ತಿದ್ದೋನು ಈಗ ಯಾಕೆ ಹೀಗೆ?’

‘ದೊಡ್ಡಮ್ಮ, ನೀವು ಮಲಗಿದಾಗ ಬಲಗೈಯಲ್ಲಿ ಮೌಸ್ ಹಿಡ್ಕೊಂಡಿದ್ರಾ?’

‘ನಾನ್ಯಾಕೆ ಹಿಡ್ಕೊಳ್ಳಲಿ?’

‘ಅಲ್ಲೇ ಆಗಿದ್ದು ನೋಡಿ ಎಡವಟ್ಟು. ಅದು ಹಿಡ್ಕೊಂಡು ಮಲಗೋರ ಹಾಸಿಗೆ.’

ಹಲಗೆ, ಉದ್ದ ವೈರು, ಮೌಸು, ಎಲ್ಲವನ್ನೂ ಸ್ಪ್ರಿಂಗ್ ಮೇಡಂ ಅಂದೇ ಮೊದಲು ನೋಡುತ್ತಿದ್ದರು. ‘ಅಣ್ಣಾ, ಆ ಎದ್ದೂ ಎದ್ದೂ ಓಡ್ತಿದ್ದಿದ್ದೂ ಇದಕ್ಕೇನಾ? ನಾನು ಸ್ಪ್ರಿಂಗ್‌ಗೆಲ್ಲ ಬೈದೆನಲ್ಲ.’

‘ನೀವು ಚಹಾಕ್ಕೆ ಬರ್ಲಿಲ್ಲ, ನಾನು ಹೇಳ್ಲಿಲ್ಲ ಮೇಡಂ.’

‘ಬಂದ್ರೆ ಕೆಂಪಾಗ್ತಿದ್ದೆ ಅಣ್ಣಾ.’

ದೊಡ್ಡಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅವರಿಗೆ ಕೇಳಿ ತಿಳಿಯುವುದರಲ್ಲಿ ನಂಬಿಕೆ ಕಡಿಮೆ, ಮಲಗಿ ತಿಳಿಯುವುದರಲ್ಲೇ ಹೆಚ್ಚು. ಮೂಲೆಯಲ್ಲಿ ಚುರುಕು ಬರುವ ಮೊದಲೇ ಹೊಲಿದು, ಪರೀಕ್ಷೆಯಾಗದೆ ಉಳಿದ ಹಾಸಿಗೆಯೊಂದಿತ್ತು. ಅದನ್ನು ಹಾಸಲು ಹೇಳಿ ಚಪ್ಪಲಿ ಬಿಟ್ಟರು.

‘ನೀನು ಮೊದಲು ಹೇಗೆ ಮಾಡ್ತಿದ್ಯೋ ಹಾಗೇ ಹೇಳ್ಕೊಡು. ಇದು ಕೆಲಸವೋ ಅಲ್ವೋ ನಾನೇ ಹೇಳ್ತೀನಿ. ಆಮೇಲೆ ಸಹಿ.’

‘ಮೇಡಂ, ಮೌಸ್ ಅಲ್ಲಾಡಿಸದೆ ಮಲಗಿದ್ರೆ ಅದು ಕೆಲಸದ ಲೆಕ್ಕಕ್ಕೆ ಬರಲ್ಲ,’ ಅಂದರು ಸಾಹೇಬರು.

‘ನೀವು ಸ್ವಲ್ಪ ಸುಮ್ನಿರಿ. ಯಾರೂ ಸದ್ದು ಮಾಡ್ಬೇಡಿ.’

ಬೆನ್ನಣ್ಣ ತಗ್ಗಿದ ದನಿಯಲ್ಲಿ ಹೇಳಿಕೊಟ್ಟ. ಭುಜ ಸಡಿಲ ಬಿಡಿ. ಹಲ್ಲು ಕಚ್ಚಬೇಡಿ. ಭಾರವನ್ನ ನೀವು ಹೊರಬೇಡಿ, ಹಾಸಿಗೆ ಹೊರುತ್ತಾ ಇಲ್ಲವಾ ಅಂತ ಬಿಟ್ಟು ನೋಡಿ. ಮೊದಲು ಹಿಮ್ಮಡಿಗೆ ಕೇಳಿ, ಆಮೇಲೆ ಸೊಂಟಕ್ಕೆ. ದೊಡ್ಡಮ್ಮ ಹಿಮ್ಮಡಿಗೆ ಕೇಳಿದರು. ಸೊಂಟದವರೆಗೆ ಕೇಳಿದರೋ ಇಲ್ಲವೋ, ಕಣ್ಣೆವೆ ಇಳಿಯಿತು. ನೆಲದ ಮೇಲೆ ಕಳೆದ ನಿದ್ದೆಯ ಬಾಕಿ ದೊಡ್ಡದಿತ್ತು. ಸಣ್ಣಗೆ, ತುಂಬಾ ಗೌರವಾನ್ವಿತವಾಗಿ, ಗೊರಕೆ ಶುರುವಾಯಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರದೆ ಹಳದಿಯಾಯಿತು.

ಇನ್ನೇನು ಕೆಂಪು, ಆಮೇಲೆ ಆ ಕಿರುಚಾಟ. ಅಭ್ಯಾಸಬಲದಿಂದ ಬೆನ್ನಣ್ಣನ ಬಲಗೈ ತಾನಾಗಿ ಮೌಸಿನ ಕಡೆ ಹೋಯಿತು. ಮುಟ್ಟಿದರೆ ಆಯಿತು, ದೊಡ್ಡಮ್ಮನ ನಿದ್ದೆ ಉಳಿಯುತ್ತದೆ. ಮುಟ್ಟಿದರೆ ಅವನ ಹೆಸರೂ ಹಸಿರು. ಕೈ ಅರ್ಧ ದಾರಿಯಲ್ಲಿತ್ತು. ಅಲ್ಲೇ ನಿಂತಿತು. ತಿಂಗಳಿಡೀ ಅವನನ್ನು ಎಬ್ಬಿಸಿದ್ದು, ಓಡಿಸಿದ್ದು, ಕೊನೆಗೆ ಅವನ ಬೆನ್ನಿನಿಂದಲೇ ಸುಳ್ಳು ಹೇಳಿಸಿದ್ದು ಈ ಮುಷ್ಟಿಗಾತ್ರದ ವಸ್ತು. ಬೆನ್ನಣ್ಣ ಕೈ ಹಿಂದಕ್ಕೆ ತೆಗೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

‘ಅಲ್ಲಾಡಿಸ್ರೀ,’ ಸಾಹೇಬರು ಪಿಸುಗುಟ್ಟಿದರು.

‘ಬೇಡ ಸಾರ್.’

‘ಯಾಕ್ರೀ?’

‘ನಾನು ನಿಂತಿದೀನಿ, ಏನೂ ಮಾಡ್ತಿಲ್ಲ. ಅಲ್ಲಾಡಿಸಿದ್ರೆ ಕೆಲಸ ಮಾಡ್ತಿದೀನಿ ಅಂತ ದಾಖಲಾಗುತ್ತೆ. ಸುಳ್ಳು ಲೆಕ್ಕ ಆಗಲ್ವಾ?’

‘ನಾನು ಹೇಳ್ತಿದೀನಲ್ರೀ.’

‘ಬರೆದು ಕೊಡಿ ಸಾರ್. ಕಾಯ್ತೀನಿ.’

ಪರದೆ ಕೆಂಪಾಯಿತು. ದೊಡ್ಡಮ್ಮ ನಿದ್ದೆಯಲ್ಲೇ ಒಮ್ಮೆ ತುಟಿ ಚಪ್ಪರಿಸಿದರು. ಕೆಂಪಿಗೂ ಕಿರುಚಾಟಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಆ ಉಸಿರಿನಲ್ಲಿ ಚುರುಕು ಸಾಹೇಬರು ಜಿಗಿದರು. ಬೆಕ್ಕು ಇಲಿಯ ಮೇಲೆ ಬಿದ್ದ ಹಾಗೆ ಎರಡೂ ಕೈಯಲ್ಲಿ ಮೌಸನ್ನು ಹಿಡಿದು ಗರಗರ ತಿರುಗಿಸಿದರು. ಪರದೆ ಹಸಿರಾಯಿತು. ಸಾಹೇಬರು ನಿಟ್ಟುಸಿರು ಬಿಟ್ಟು ಎದ್ದು ಬಾಗಿಲ ಕಡೆ ನಡೆದರು, ಗುಟ್ಟಿನ ಪದ ಹಾಕಿ ದನಿ ಅಡಗಿಸಲು. ಬಾಗಿಲು ಮುಟ್ಟುವ ಮೊದಲೇ ಅವರ ಕಾಲು ತಾನಾಗಿ ನಿಂತಿತು. ಅವರ ಕೋಣೆ ಇದ್ದದ್ದು ಆಚೆ ಕಟ್ಟಡದ ಮೇಲಿನ ಮಹಡಿಯಲ್ಲಿ. ಹೋಗಿ ಮುಟ್ಟುವುದರೊಳಗೆ ಒಂದು ಲೋಟ ಚಹಾ ಆರಿಹೋಗುತ್ತದೆ.

ಅವರು ಬೆನ್ನಣ್ಣನ ಕಡೆ ನೋಡಿದರು. ಬೆನ್ನಣ್ಣನ ಕೈ ಬೆನ್ನ ಹಿಂದೆ. ಸ್ಪ್ರಿಂಗ್ ಮೇಡಂ ಕಡೆ ನೋಡಿದರು.

‘ಬೇರೆಯವರ ಕಂಪ್ಯೂಟರ್ ಮುಟ್ಟಬಾರದು ಅಂತ ನೀವೇ ಸುತ್ತೋಲೆ ಕಳಿಸಿದೀರಿ ಸಾರ್,’ ಅಂದರು ಅವರು ಮೆಲ್ಲಗೆ.

ಸಾಹೇಬರು ವಾಪಸು ಬಂದರು. ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಮಲಗುವವನಿಗೆ ಯಾಕೆಂದು ಅವರೇ ಹೋದ ವಾರ ತೆಗೆಸಿದ್ದರು. ಹಲಗೆಯ ಪಕ್ಕ ಮಂಡಿಯೂರಿ ಕೂತು ಮೌಸ್ ಆಡಿಸತೊಡಗಿದರು.

ಬೆನ್ನಣ್ಣ ಮತ್ತು ಸ್ಪ್ರಿಂಗ್ ಮೇಡಂ ತುದಿಗಾಲಿನಲ್ಲಿ ಹೊರಗೆ ಬಂದರು. ಹಜಾರದಲ್ಲಿ ಚಹಾದ ಅಕ್ಕ ಗಾಡಿ ನಿಲ್ಲಿಸಿ ಬೋರ್ಡನ್ನೇ ನೋಡುತ್ತಿದ್ದಳು. ಬೆನ್ನಣ್ಣ ಲೋಟ ತೆಗೆದುಕೊಂಡು ಪಕ್ಕದಲ್ಲಿ ನಿಂತ. ಬೋರ್ಡಿನಲ್ಲಿ ಅವನ ಹೆಸರು ಪಚ್ಚೆಯ ಹಾಗೆ ಹೊಳೆಯುತ್ತಿತ್ತು.

‘ನೀನು ಇಲ್ಲಿ ಚಹಾ ಕುಡೀತಿದೀಯ, ಅಲ್ಲಿ ಮೈಮುರಿದು ದುಡೀತಿದೀಯ,’ ಅಂದಳು ಅಕ್ಕ. ‘ಎಷ್ಟು ಜನ ಇದೀಯಪ್ಪಾ ನೀನು?’

ಅಷ್ಟರಲ್ಲಿ ಬೋರ್ಡಿನ ತುದಿಯಲ್ಲಿ ಏನೋ ಮಿನುಗಿತು. ಸದಾ ಹಸಿರಾಗಿದ್ದ ಮೊದಲ ಹೆಸರು ಹಳದಿಯಾಗಿ, ನೋಡನೋಡುತ್ತಿದ್ದಂತೆ ಕೆಂಪಾಯಿತು. ಪಕ್ಕದಲ್ಲಿ ಅಕ್ಷರ ಮೂಡಿತು: ‘ಕೆಲಸದಲ್ಲಿಲ್ಲ.’ ಆಚೆ ಕಟ್ಟಡದ ಮೇಲಿನ ಮಹಡಿಯಿಂದ, ಯಾರೂ ಇಲ್ಲದ ಕೋಣೆಯಿಂದ, ಸಾಹೇಬರ ಕಂಪ್ಯೂಟರು ಬಾಲ ತುಳಿಸಿಕೊಂಡು ಕಿರುಚುವುದು ಕೇಳಿಸಿತು. ಪುಣ್ಯಕ್ಕೆ ಅದು ದೊಡ್ಡಮ್ಮನವರೆಗೆ ತಲುಪುವಷ್ಟು ಜೋರಿರಲಿಲ್ಲ.

ಗುಮಾಸ್ತ ‘ಅಅಅಅ’ ಬಿಟ್ಟು ಎದ್ದು ಬಂದ. ಫೋನಿನವಳು ಬಂದಳು. ಹೊಲಿಗೆಯವರು ಬಂದರು. ಕೆಳಗಿನ ಹೆಸರುಗಳೂ ಒಂದೊಂದೇ ಕೆಂಪಾದವು, ದೂರದ ಕೋಣೆಗಳ ಮುಚ್ಚಿದ ಬಾಗಿಲ ಹಿಂದೆ ಅವರವರ ಕಂಪ್ಯೂಟರುಗಳು ಕಿರುಚಿಕೊಂಡವು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡಮ್ಮ ಮಲಗಿದ್ದಾರೆಂದು ಗೊತ್ತಾಗಿ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸಿ, ಸದ್ದಿಲ್ಲದೆ ನಕ್ಕರು. ಇಷ್ಟು ದೊಡ್ಡ ನಗು ಇಷ್ಟು ಮೆಲ್ಲಗೆ ಆ ಕಟ್ಟಡದಲ್ಲಿ ಯಾವತ್ತೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚುರುಕು ತನ್ನ ನಿಯಮದಂತೆ ಸಾಹೇಬರಿಗೊಂದು ಎಚ್ಚರಿಕೆ ಪತ್ರ ಕಳಿಸಿತು. ಅರ್ಧ ದಿನ ಸೋಮಾರಿತನ ತೋರಿದ್ದಕ್ಕೆ ಕಾರಣ ಕೊಡಿ ಅಂತ ಕೇಳಿತ್ತು. ಕೆಳಗೆ ಸಹಿ ಸಾಹೇಬರದೇ.

ಊಟದ ಗಂಟೆಗೆ ದೊಡ್ಡಮ್ಮ ಕಣ್ಣು ಬಿಟ್ಟರು. ಬೆನ್ನಣ್ಣ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಅರ್ಧ ಕಾರ್ಖಾನೆ ಇಣುಕುತ್ತಿತ್ತು. ದೊಡ್ಡಮ್ಮ ಮೊದಲು ಸೊಂಟ ಮುಟ್ಟಿ ನೋಡಿಕೊಂಡರು, ಕತ್ತು ಆಡಿಸಿದರು, ಮುಖ ಅರಳಿತು. ಆಮೇಲೆ ಬಗ್ಗಿ ನೋಡಿದರು. ಮಂಡಿಯೂರಿ ಕೂತಿದ್ದ ಸಾಹೇಬರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೈ ಇನ್ನೂ ಆಡುತ್ತಲೇ ಇತ್ತು.

‘ಏನ್ ಮಾಡ್ತಿದೀರಿ ಸಾಹೇಬ್ರೇ?’

‘ನಿಮ್ಮ ನಿದ್ದೆ ಕೆಡಬಾರ್ದು ಅಂತ ಮೇಡಂ. ನಿಲ್ಲಿಸಿದ್ರೆ ಕೂಗುತ್ತೆ.’

‘ಬೆಳಗಿಂದ ಇದನ್ನೇ ಮಾಡ್ತಿದೀರಾ?’

‘ಹೌದು ಮೇಡಂ.’

‘ಇದನ್ನ ಈ ಮನುಷ್ಯ ಮಲಗಿಕೊಂಡು ಮಾಡ್ಬೇಕಿತ್ತಾ, ದಿನಾ?’

ದೊಡ್ಡಮ್ಮ ಉತ್ತರಕ್ಕೆ ಕಾಯಲಿಲ್ಲ. ಬಾಗಿಲ ಹತ್ತಿರವಿದ್ದ ಚಹಾದ ಅಕ್ಕನನ್ನು ಕೇಳಿದರು, ‘ಹೊರಗೆ ಆ ಬೋರ್ಡು ಏನ್ ಹೇಳ್ತಿದೆ?’

‘ಬೆನ್ನಣ್ಣ ಬೆಳಗಿಂದ ತಲೆ ಎತ್ತದೆ ದುಡೀತಿದಾನೆ ಅಂತ, ದೊಡ್ಡಮ್ಮ. ನನ್ನ ಗಾಡಿ ಪಕ್ಕದಲ್ಲೇ ನಿಂತಿದ್ದ. ಸಾಹೇಬ್ರು ಬೆಳಗಿಂದ ಕೆಲಸದಲ್ಲೇ ಇಲ್ವಂತೆ.’

ದೊಡ್ಡಮ್ಮ ಆ ಆದೇಶ ಕೊಡಿ ಅಂತ ಕೈ ಚಾಚಿದರು. ಸಾಹೇಬರು ಒಂದು ಕೈಯಲ್ಲಿ ಮೌಸ್ ಆಡಿಸುತ್ತಲೇ ಇನ್ನೊಂದು ಕೈಯಲ್ಲಿ ಜೇಬಿನಿಂದ ತೆಗೆದುಕೊಟ್ಟರು. ದೊಡ್ಡಮ್ಮ ಅದನ್ನು ಓದಲಿಲ್ಲ, ಹರಿದರು. ನಾಲ್ಕು ಚೂರು ಮಾಡಿ ಸಾಹೇಬರ ಜೇಬಿಗೇ ತುರುಕಿದರು.

‘ಈಗ ಮೇಲೆ ಹೋಗಿ, ಈ ಚುರುಕನ್ನ ಮಲಗಿಸಿ. ಬರೀ ಇಲ್ಲಿಂದಲ್ಲ, ಎಲ್ಲಾ ಕಡೆಯಿಂದ. ನಾನು ಚಪ್ಪಲಿ ಹಾಕ್ಕೊಳ್ಳೋದರೊಳಗೆ ಆಗ್ಬೇಕು. ಆ ಬೋರ್ಡನ್ನ ಇಳಿಸೋಕೆ ಲಾರಿಯವರಿಗೆ ಹೇಳಿ. ಇಳಿಸುವಾಗ ನೀವೂ ಒಂದು ಕೈ ಕೊಡಿ.’

ಸಾಹೇಬರು ಎದ್ದರು. ಮಂಡಿ ಹಿಡಿದುಕೊಂಡಿತ್ತು. ಜನ ಸರಿದು ದಾರಿ ಬಿಟ್ಟರು. ಅವರು ಕುಂಟುತ್ತಾ ಹಜಾರ ದಾಟಿ ಆಚೆ ಕಟ್ಟಡದ ಮೆಟ್ಟಿಲೇರುವ ಹೊತ್ತಿಗೆ ಪರೀಕ್ಷಾ ಕೋಣೆಯ ಕಂಪ್ಯೂಟರು ಹಳದಿಯಾಯಿತು, ಕೆಂಪಾಯಿತು, ಬಾಯಿ ತುಂಬಾ ಕಿರುಚಿತು. ಈಗ ಯಾರೂ ಅದರ ಕಡೆ ಓಡಲಿಲ್ಲ. ಕೂಗಿ ಕೂಗಿ ಕೊನೆಗೆ ಮೇಲಿನಿಂದ ಯಾರೋ ಕತ್ತು ಅದುಮಿದ ಹಾಗೆ ನಡುವೆಯೇ ನಿಂತಿತು. ಪರದೆ ಕಪ್ಪಾಯಿತು. ಹಜಾರದಲ್ಲಿ ಹಿಡಿದಿಟ್ಟಿದ್ದ ನಗು ಆಗ ಕಟ್ಟೆಯೊಡೆಯಿತು. ಗುಮಾಸ್ತ ಕೈಗಳನ್ನು ಜೇಬಿಗೆ ಹಾಕಿಕೊಂಡು, ಮನಸ್ಸಿನಲ್ಲೇ ಏನೋ ಕೂಡಿ, ‘ಸರಿ ಬಂತು’ ಅಂದ.

ದೊಡ್ಡಮ್ಮ ಕೋಲು ಹಿಡಿದು ಎದ್ದು ನಿಂತರು.

‘ಈ ಹಾಸಿಗೆ ಚೆನ್ನಾಗಿದೆ ಕಣಪ್ಪಾ. ನಾನೇ ಸಾಕ್ಷಿ. ಒಪ್ಪಿಗೆ ಹಾಕು, ನಾಳೆಯಿಂದ ಇದನ್ನೇ ಹೊಲಿಸ್ತೀನಿ.’

ಸ್ಪ್ರಿಂಗ್ ಮೇಡಂ ಹೂಂ ಎಂದರು. ಹೊಲಿಗೆಯವರೂ ಹೂಂ ಎಂದರು. ಬೆನ್ನಣ್ಣ ಮಾತ್ರ ತಲೆ ಕೆರೆದುಕೊಂಡ.

‘ತಪ್ಪು ತಿಳ್ಕೋಬೇಡಿ ದೊಡ್ಡಮ್ಮ. ನೀವು ನಿದ್ದೆ ಮಾಡಿದ್ರಿ. ಪರೀಕ್ಷೆ ಮಾಡ್ಲಿಲ್ಲ.’

ಹಜಾರ ಒಮ್ಮೆಲೇ ತಣ್ಣಗಾಯಿತು. ಒಡತಿ ತಮ್ಮ ಹಾಸಿಗೆ ಚೆನ್ನಾಗಿದೆ ಅನ್ನುತ್ತಿದ್ದಾರೆ, ಈ ಮನುಷ್ಯ ಇಲ್ಲ ಅನ್ನುತ್ತಿದ್ದಾನೆ. ಸ್ಪ್ರಿಂಗ್ ಮೇಡಂ ಅವನ ತೋಳು ಚಿವುಟಿದರು. ದೊಡ್ಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

‘ಅಂದ್ರೆ ನಾನು ಬೆಳಗಿಂದ ಮಾಡಿದ್ದು ಕೆಲಸ ಅಲ್ಲ ಅಂತೀಯಾ?’

‘ಅಲ್ಲ ದೊಡ್ಡಮ್ಮ. ಅದು ಬರೀ ಮಲಗಿದ್ದು. ಕೆಲಸ ಬೇರೆ.’

ದೊಡ್ಡಮ್ಮ ಕೋಲನ್ನು ನೆಲಕ್ಕೆ ಕುಟ್ಟಿ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಾಗಿಲಲ್ಲಿ ಮುಗಿಬಿದ್ದಿದ್ದವರ ಕಡೆ ತಿರುಗಿ, ‘ಏನ್ ನೋಡ್ತಾ ನಿಂತಿದೀರಿ? ಅವನಿಗೆ ಕೆಲಸ ಇದೆಯಂತೆ. ಎಲ್ರೂ ನಡೀರಿ ಆಚೆ,’ ಅಂದರು. ತಾವೇ ಮೊದಲು ಹೊರಟು, ಎಲ್ಲರೂ ದಾಟಿದ ಮೇಲೆ ಬಾಗಿಲನ್ನು ಸದ್ದಾಗದ ಹಾಗೆ ತಾವೇ ಎಳೆದುಕೊಂಡರು.

ಬೆನ್ನಣ್ಣ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದ. ಮುದುಡಿದ್ದ ಹೊದಿಕೆಯನ್ನು ಜಗ್ಗಿ ಸರಿಮಾಡಿದ. ಬೂಟು ಕಳಚಿ ಅಂಗಾತ ಮಲಗಿ, ಬಲಗೈಯನ್ನು ಮೊದಲು ಒಂದಷ್ಟು ಹೊತ್ತು ಗಾಳಿಯಲ್ಲಿ ಚಾಚಿ, ಬೆರಳು ಬಿಡಿಸಿ, ಹೊಟ್ಟೆಯ ಮೇಲೆ ಇಳಿಸಿಕೊಂಡ. ಹೊರಗೆ ಯಾರೋ ಯಾರಿಗೋ ‘ಶ್, ಅಣ್ಣ ಕೆಲಸದಲ್ಲಿದಾನೆ’ ಅನ್ನುವುದು ಕೇಳಿಸಿತು. ಬೆನ್ನಣ್ಣ ಅಲ್ಲಾಡಲಿಲ್ಲ. ಹಿಮ್ಮಡಿಯಿಂದ ಶುರುಮಾಡಿದ.